ಮೂರು ಕಡೆ ಮೆಷಿನ್, ಒಂದು ಕಡೆ ಕೈ

ಅಲಮೇಲು ತೀರಿಕೊಂಡ ಹದಿಮೂರನೆಯ ದಿನ, ಶುಭಸ್ವೀಕಾರದ ಊಟಕ್ಕೆ ನಾವೆಲ್ಲ ಮೇರಿಲ್ಯಾಂಡಿನ ಕೊಲಂಬಿಯಾದ ಅವಳ ಮನೆಯಲ್ಲಿ ಸೇರಿದ್ದೆವು. ಹನ್ನೊಂದು ಗಂಟೆಯ ಹೊತ್ತಿಗೆ ಮಿಸ್ಟರ್ ಸ್ಟ್ಯಾನ್ ಲಿಬರ್ ಬಂದರು. ವಾಷಿಂಗ್ಟನ್ನಿನಲ್ಲಿ ಯಹೂದಿ ಸೈನಿಕರ ಒಂದು ಚಿಕ್ಕ ಮ್ಯೂಸಿಯಂ ಇದೆ. ಅಲ್ಲಿಗೆ ಬಂದವರನ್ನು ಸುತ್ತಾಡಿಸಿ ವಿವರಿಸುವ ಸ್ವಯಂಸೇವಕರು ಅವರು. ವಿಯೆಟ್ನಾಂ ಯುದ್ಧಕ್ಕೆ ಹೋಗಿ ಬಂದವರು, ಈಗ ಎಪ್ಪತ್ತೆಂಟು ವರ್ಷ, ಕೈಯಲ್ಲಿ ಕೋಲು. ಬಾಗಿಲ ಬಳಿ ನಮ್ಮ ಐವತ್ತು ಅರವತ್ತು ಜೊತೆ ಚಪ್ಪಲಿ, ಶೂಗಳು ರಾಶಿ ಬಿದ್ದಿದ್ದವು. ಅವರು ಆ ರಾಶಿಯನ್ನು ನೋಡುತ್ತ ಹೊಸಿಲಾಚೆಯೇ ನಿಂತರು. ಯಾಕೆ ನಿಂತರೆಂದು ನಮ್ಮಲ್ಲಿ ನಾಲ್ಕೈದು ಜನಕ್ಕೆ ಗೊತ್ತಿತ್ತು. ನಮ್ಮ ಹಿರಿಯರ ಕೂಟದ ಡಾಕ್ಟರ್ ಸತ್ಯನಾರಾಯಣ ಅವರು ರಾಶಿಯನ್ನು ಸರಿಸಲು ಓಡಿದರು. ಲಿಬರ್ ಕೈ ಅಡ್ಡ ಹಿಡಿದು ಬೇಡವೆಂದರು. ಗೋಡೆಗೆ ಒರಗಿ, ನಿಧಾನವಾಗಿ ಲೇಸು ಬಿಚ್ಚಿ, ತಮ್ಮ ಕಪ್ಪು ಶೂಗಳನ್ನು ನಮ್ಮ ಚಪ್ಪಲಿಗಳ ನಡುವೆಯೇ ಇಟ್ಟು ಒಳಗೆ ಬಂದರು.

ಅಲಮೇಲು ಇದ್ದಿದ್ದರೆ ಆ ಶೂಗಳನ್ನು ನೋಡಿ, "ಪಾಲಿಶ್ ಚೆನ್ನಾಗಿದೆ" ಎಂದಷ್ಟೇ ಹೇಳುತ್ತಿದ್ದಳು.

ಅವತ್ತು ಊಟಕ್ಕೆ ಬಂದಿದ್ದ ಬಹಳ ಜನಕ್ಕೆ ಅಲಮೇಲು ಎಂದರೆ ಬ್ಲೌಸು ಸರಿಮಾಡಿ ಕೊಡುವವಳು. ಅದೂ ನಿಜವೇ. ಆದರೆ ಅವಳ ಕೊನೆಯ ಎರಡು ವರ್ಷ ಒಂದು ಹಳೆಯ ಜಾಕೆಟ್ಟಿನ ತೋಳಿನ ಮೇಲಿನ ಎರಡೂವರೆ ಇಂಚು ಹೊಲಿಗೆಯ ಹಿಂದೆ ಹೋಯಿತು. ಆ ಕಥೆ ನನಗೆ ಪೂರ್ತಿ ಗೊತ್ತು. ಬರೆಯದೆ ಇದ್ದರೆ ನನ್ನ ಜೊತೆಗೇ ಹೋಗುತ್ತದೆ.

ಅಲಮೇಲು ಮೈಸೂರಿನವಳು. ಚಾಮರಾಜಪುರಂನ ಹೊಲಿಗೆ ಕ್ಲಾಸಿನಲ್ಲಿ ಡಿಪ್ಲೊಮಾ ಮಾಡಿ, ಎಪ್ಪತ್ತೊಂಬತ್ತರಲ್ಲಿ ಶೇಷಾದ್ರಿಯವರನ್ನು ಮದುವೆಯಾಗಿ ಮೇರಿಲ್ಯಾಂಡಿಗೆ ಬಂದಳು. ಶೇಷಾದ್ರಿ ಆಸ್ಪತ್ರೆಯೊಂದರಲ್ಲಿ ಲ್ಯಾಬ್ ಟೆಕ್ನಿಷಿಯನ್. ಆಗ ಇಲ್ಲಿದ್ದ ಕನ್ನಡದವರೆಲ್ಲ ಡಾಕ್ಟರು, ಇಲ್ಲವೆ ವಿಜ್ಞಾನಿಗಳು. ಅವರ ಹೆಂಡಂದಿರ ನಡುವೆ ಅಲಮೇಲು ಗೋಡೆ ಬದಿಯ ಕುರ್ಚಿ ಹುಡುಕಿಕೊಂಡು ಕೂರುತ್ತಿದ್ದಳು. ಮಗಳು ಸುರಭಿ ಶಾಲೆಗೆ ಹೋಗಲು ಶುರುಮಾಡಿದ ಮೇಲೆ, ಎಂಬತ್ತಾರರಲ್ಲಿ, ಫೋರ್ಟ್ ಮೀಡ್ ಸೈನ್ಯದ ನೆಲೆಯ ಗೇಟಿನ ಹೊರಗಿದ್ದ ಆಲ್ಟರೇಷನ್ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದಳು. ಅಂಗಡಿ ಕೊರಿಯಾದ ಒಬ್ಬ ಹೆಂಗಸಿನದು. ಇಬ್ಬರಿಗೂ ಇಂಗ್ಲಿಷ್ ಅಷ್ಟಕ್ಕಷ್ಟೆ. ಇಪ್ಪತ್ತನಾಲ್ಕು ವರ್ಷ ಪಕ್ಕಪಕ್ಕದ ಮೆಷಿನ್ನಿನಲ್ಲಿ ಕೂತರು, ಒಂದು ದಿನವೂ ಜಗಳವಾಡಲಿಲ್ಲ.

ಸೈನಿಕರ ಸಮವಸ್ತ್ರಕ್ಕೆ ಹೆಸರಿನ ಪಟ್ಟಿ, ತೋಳಿನ ಪ್ಯಾಚ್, ದರ್ಜೆಯ ಗುರುತು ಹೊಲಿಯುವುದು ಅವಳ ಕೆಲಸ. ಅಮೆರಿಕದ ಸೈನ್ಯದಲ್ಲಿ ಎಷ್ಟು ಜನರ ಹೆಸರನ್ನು ಅವರ ಎದೆಯ ಮೇಲೆ ಕೂರಿಸಿದಳೋ ಲೆಕ್ಕವಿಲ್ಲ. ಎಷ್ಟೋ ಹೆಸರುಗಳನ್ನು ಉಚ್ಚರಿಸಲು ಅವಳಿಗೆ ಬರುತ್ತಿರಲಿಲ್ಲ. "ನಂಗೆ ಓದೋಕೆ ಬರಬೇಕಾಗಿಲ್ಲ ಕಣೇ ವಸಂತಾ, ನೆಟ್ಟಗೆ ಕೂತಿದ್ಯೋ ಇಲ್ವೋ ನೋಡಿದ್ರೆ ಸಾಕು" ಎನ್ನುತ್ತಿದ್ದಳು.

ನೆಟ್ಟಗೆ ಕೂರದೆ ಹೋದದ್ದು ಒಂದೇ ಸಲ. ತೊಂಬತ್ತೊಂದರಲ್ಲಿ ಸೈನ್ಯದ ಯಹೂದಿ ಪುರೋಹಿತರೊಬ್ಬರು ತಮ್ಮ ಕಾಲರಿನ ಗುರುತು ಹೊಲಿಯಲು ಕೊಟ್ಟರು: ದೇವರ ಹತ್ತು ಆಜ್ಞೆಗಳನ್ನು ಸೂಚಿಸುವ ಎರಡು ಹಲಗೆಗಳು, ಅವುಗಳ ಮೇಲೆ ಒಂದು ಪುಟ್ಟ ನಕ್ಷತ್ರ. ಅಲಮೇಲು ನಕ್ಷತ್ರವನ್ನು ಕೆಳಗೆ ಮಾಡಿ, ಹಲಗೆಗಳನ್ನು ತಲೆಕೆಳಗಾಗಿ ಹೊಲಿದುಬಿಟ್ಟಳು. "ಸರದಲ್ಲಿ ಪದಕ ಕೆಳಗಲ್ವಾ ತೂಗೋದು? ನಾನು ಹಂಗೇ ಅಂದ್ಕೊಂಡೆ" ಎಂದು ಅವಳ ಸಮಜಾಯಿಷಿ. ಪುರೋಹಿತರು ನಕ್ಕು, ಬಿಚ್ಚಿಸಿ ಮತ್ತೆ ಹೊಲಿಸಿಕೊಂಡರು. ಹೋಗುವಾಗ, "ವಾಷಿಂಗ್ಟನ್ ಡಿಸಿಯಲ್ಲಿ ನಮ್ಮ ಸೈನಿಕರ ಮ್ಯೂಸಿಯಂ ಇದೆ, ಒಮ್ಮೆ ಹೋಗಿ ಸರಿಯಾಗಿ ನೋಡಿಕೊಳ್ಳಿ" ಎಂದು ತಮಾಷೆ ಮಾಡಿದರು. ಅಲಮೇಲು "ಖಂಡಿತ ಹೋಗ್ತೀನಿ" ಎಂದು ಮಾತು ಕೊಟ್ಟಳು. ವಾಷಿಂಗ್ಟನ್ ಸುತ್ತುವ ಬೆಲ್ಟ್‌ವೇ ಹೆದ್ದಾರಿಯ ಮೇಲೆ ಕಾರು ಓಡಿಸಲು ಅವಳಿಗೆ ಭಯ. ಆ ಮಾತು ಮೂವತ್ತು ವರ್ಷ ಹಾಗೇ ಉಳಿಯಿತು.

ಕೋವಿಡ್ ಇಳಿದ ಮೇಲೆ ನಮ್ಮ ಹಿರಿಯರ ಕೂಟ ಜೂಮ್ ಬಿಟ್ಟು ಮತ್ತೆ ಮುಖಾಮುಖಿ ಸೇರತೊಡಗಿತು. ಎರಡು ಸಾವಿರದ ಇಪ್ಪತ್ತೆರಡರ ಮಾರ್ಚಿನಲ್ಲಿ, ಬಸ್ಸು ಮಾಡಿಕೊಂಡು ಎಲ್ಲಿಗಾದರೂ ಹೋಗೋಣವೆಂದು ಮಾತು ಬಂತು. ಕೂಟದ ಅಧ್ಯಕ್ಷರು ಡಾಕ್ಟರ್ ಸತ್ಯನಾರಾಯಣ, ನಿವೃತ್ತ ಸರ್ಜನ್. ಹೂವು ನೋಡೋಣ, ದೇವಸ್ಥಾನ ನೋಡೋಣ, ಗುಹೆ ನೋಡೋಣ ಎಂದು ಒಬ್ಬೊಬ್ಬರು ಒಂದೊಂದು ಹೇಳಿದರು. ಗೋಡೆ ಬದಿಯ ಕುರ್ಚಿಯಿಂದ ಒಂದು ಕೈ ಮೇಲೆದ್ದಿತು. ನಲವತ್ತಮೂರು ವರ್ಷಗಳಲ್ಲಿ ಅಲಮೇಲು ಕೈಯೆತ್ತಿದ್ದನ್ನು ನಾನು ನೋಡಿದ್ದು ಅದೇ ಮೊದಲು.

"ನಂದೊಂದು ಮಾತು ಉಳ್ಕೊಂಡಿದೆ, ತೀರಿಸ್ಬೇಕು" ಎಂದು ಹಲಗೆ ತಲೆಕೆಳಗಾದ ಕಥೆ ಹೇಳಿದಳು. ಎಲ್ಲರೂ ನಕ್ಕರು. ನಗಿಸಿದವಳ ಮಾತಿಗೆ ಇಲ್ಲವೆನ್ನಲು ಯಾರಿಗೂ ಮನಸ್ಸಾಗಲಿಲ್ಲ. ಶನಿವಾರ ಹೋಗುವುದೆಂದು ಎಂದಿನಂತೆ ತೀರ್ಮಾನವಾಯಿತು. ಅಲಮೇಲು ಫೋನ್ ಮಾಡಿದಾಗ ಆ ಕಡೆಯವರು, "ಅಮ್ಮಾ, ಶನಿವಾರ ನಮಗೆ ಸಬ್ಬತ್ತು, ವಾರದ ವಿಶ್ರಾಂತಿಯ ದಿನ, ಯಾರೂ ಇರುವುದಿಲ್ಲ" ಎಂದು ನಗುತ್ತ ತಿಳಿಸಿದರು. ಗುಂಪಾಗಿ ಬಂದರೆ ಭಾನುವಾರ ಬಾಗಿಲು ತೆಗೆಯುತ್ತೇವೆ ಎಂದರು.

ಮೇ ತಿಂಗಳ ಒಂದು ಭಾನುವಾರ ಇಪ್ಪತ್ತಾರು ಜನ ಹೋದೆವು. ಒಳಗೆ ಕಾಲಿಟ್ಟೊಡನೆ ಎದುರಿಗೆ ಧ್ವಜ, ಪಕ್ಕದಲ್ಲಿ ಯುದ್ಧಗಳಲ್ಲಿ ಸತ್ತವರ ಹೆಸರುಗಳು, ಮಂದವಾದ ದೀಪ. ಮುಂದಿದ್ದ ಒಬ್ಬ ಅಜ್ಜಿ ಅಭ್ಯಾಸಬಲದಿಂದ ಚಪ್ಪಲಿ ಬಿಟ್ಟರು. ಅವರನ್ನು ನೋಡಿ ಹಿಂದಿನವರು, ಅವರನ್ನು ನೋಡಿ ಅವರ ಹಿಂದಿನವರು. ಎರಡು ನಿಮಿಷದಲ್ಲಿ ಇಪ್ಪತ್ತಾರು ಜೊತೆ ಶೂ ಚಪ್ಪಲಿ ಬಾಗಿಲ ಬಳಿ ಗುಡ್ಡೆಯಾದವು. ದೇವಸ್ಥಾನದಲ್ಲಿ ಆಗುತ್ತದಲ್ಲ, ಹಾಗೆ.

ನಮ್ಮನ್ನು ಸ್ವಾಗತಿಸಲು ಲಿಬರ್ ಒಳಗಿನಿಂದ ನಗುತ್ತ ಬಂದರು. ಗುಡ್ಡೆಯನ್ನು ನೋಡಿದರು. ನಗು ಹೋಯಿತು. ಗೋಡೆಗೆ ಕೈ ಊರಿ ಒಂದು ಕ್ಷಣ ನಿಂತು, ತಿರುಗಿ ಒಳಗೆ ಹೋದರು. ಹತ್ತು ನಿಮಿಷ ಯಾರೂ ಬರಲಿಲ್ಲ. ಆಮೇಲೆ ಕಚೇರಿಯ ಹುಡುಗಿಯೊಬ್ಬಳು ಬಂದು, ದಯವಿಟ್ಟು ಎಲ್ಲರೂ ಶೂ ಹಾಕಿಕೊಳ್ಳಿ ಎಂದು ಮೆಲ್ಲಗೆ ಹೇಳಿದಳು.

"ನಾವು ರೆಸ್ಪೆಕ್ಟ್ ತೋರಿಸಿದ್ದಕ್ಕೆ ಇವರಿಗೆ ಕೋಪವಾ?" ಎಂದು ಡಾಕ್ಟರ್ ಸತ್ಯನಾರಾಯಣ ಗೊಣಗಿದರು.

ನನಗೆ ಅಷ್ಟರಲ್ಲಿ ಹೊಳೆದಿತ್ತು. ಕೌಂಟಿ ಲೈಬ್ರರಿಯಲ್ಲಿ ಮೂವತ್ತು ವರ್ಷ ಕೆಲಸ ಮಾಡಿದವಳು ನಾನು. ಹಿಟ್ಲರನ ಶಿಬಿರಗಳಲ್ಲಿ ಕೊಲೆಯಾದ ಯಹೂದಿಗಳ ಶೂಗಳನ್ನು ರಾಶಿ ಹಾಕಿದ್ದ ಫೋಟೋಗಳನ್ನು ನೋಡಿದ್ದೆ. ಅಲಮೇಲುವಿನ ಕಿವಿಯಲ್ಲಿ ಹೇಳಿದೆ. ಅವಳು ಬಗ್ಗಿ ತನ್ನ ಚಪ್ಪಲಿ ಹುಡುಕುತ್ತಿದ್ದಳು. ಬಗ್ಗಿದವಳು ಸ್ವಲ್ಪ ಹೊತ್ತು ಏಳಲೇ ಇಲ್ಲ.

ಲಿಬರ್ ಮತ್ತೆ ಬಂದು ಇಪ್ಪತ್ತು ನಿಮಿಷದಲ್ಲಿ ಎಲ್ಲವನ್ನೂ ತೋರಿಸಿ ಮುಗಿಸಿದರು. ಎಲ್ಲರೂ ಬಾಗಿಲ ಕಡೆ ಹೊರಟಾಗ ಅಲಮೇಲು ಒಂದು ಗಾಜಿನ ಪೆಟ್ಟಿಗೆಯ ಮುಂದೆ ನಿಂತುಬಿಟ್ಟಿದ್ದಳು. ಒಳಗೆ ಎರಡನೆಯ ಮಹಾಯುದ್ಧದ ಕಾಲದ, ಸೊಂಟದವರೆಗಿನ ಉಣ್ಣೆಯ ಜಾಕೆಟ್ಟು. ಬಾಲ್ಟಿಮೋರಿನ ರಾಬರ್ಟ್ ಗ್ರೀನ್ ಎಂಬ ಸೈನಿಕನದು, ಯೂರೋಪಿನಲ್ಲಿ ಹೋರಾಡಿ ಮರಳಿದವನು ಎಂದು ಪಕ್ಕದ ಫಲಕದಲ್ಲಿತ್ತು. ಎಡತೋಳಿನ ಮೇಲೆ ಒಂದು ಪ್ಯಾಚ್. ಅಲಮೇಲು ಗಾಜಿಗೆ ಮೂಗು ತಾಗುವಷ್ಟು ಹತ್ತಿರ ಬಗ್ಗಿದಳು.

"ಮೂರು ಕಡೆ ಮೆಷಿನ್ನು, ಒಂದು ಕಡೆ ಕೈ" ಎಂದಳು. "ವಸಂತಾ, ಇದರೊಳಗೆ ಏನೋ ಇದೆ ಕಣೇ."

ಯಾಕೆಂದು ಅಲ್ಲೇ ವಿವರಿಸಿದಳು. ಇರಾಕಿಗೆ ಹೊರಟ ಸೈನಿಕರು ಅವಳ ಅಂಗಡಿಗೆ ಬಂದು, ತೋಳಿನ ಪ್ಯಾಚಿನ ಮೂರು ಬದಿ ಭದ್ರವಾಗಿ ಹೊಲಿದು ನಾಲ್ಕನೆಯದನ್ನು ಸಡಿಲವಾಗಿ ಕೈಯಲ್ಲಿ ಹೊಲಿದುಕೊಡಿ ಎಂದು ಕೇಳುತ್ತಿದ್ದರಂತೆ. ಒಳಗೆ ಅಮ್ಮನ ಚೀಟಿ, ಮಗುವಿನ ಕೂದಲು, ಸಂತರ ಪುಟ್ಟ ಚಿತ್ರ. ಉಗುರಿನಿಂದ ಬಿಚ್ಚಿ, ಸೂಜಿಯಿಂದ ಮತ್ತೆ ಮುಚ್ಚಿಕೊಳ್ಳಬಹುದು. ಹಾಗೆ ಬಿಚ್ಚಿ ಮುಚ್ಚಿದ ಅಂಚಿನ ಬಟ್ಟೆ ಬೇರೆ ಥರ ಸವೆಯುತ್ತದೆ. ಈ ಜಾಕೆಟ್ಟಿನ ನಾಲ್ಕನೆಯ ಅಂಚು ಹಾಗೆ ಸವೆದಿತ್ತು.

ಲಿಬರ್ ಕೇಳಿಸಿಕೊಂಡರು. ಜಾಕೆಟ್ಟನ್ನು ಮುಟ್ಟುವಂತಿಲ್ಲ, ಬಹಳ ಹಳೆಯದು, ಯಾವಾಗಲೋ ರಿಪೇರಿ ಮಾಡಿರಬಹುದು ಎಂದು ಸಭ್ಯವಾಗಿಯೇ ಹೇಳಿ ಗಡಿಯಾರ ನೋಡಿದರು. ಡಾಕ್ಟರ್ ಸತ್ಯನಾರಾಯಣ ಬಾಗಿಲಿನಿಂದ ಕೂಗಿದರು: "ಅಲಮೇಲು ಅವರೇ, ಬ್ಲೌಸ್ ಫಿಟ್ಟಿಂಗ್ ಆಮೇಲೆ ನೋಡಿ, ಬಸ್ಸು ಕಾಯ್ತಿದೆ!"

ಬಸ್ಸಿನಲ್ಲಿ ಎಲ್ಲರೂ ಅವಮಾನವಾದವರಂತೆ ಕೂತಿದ್ದರು. ಇನ್ನು ಈ ಕಡೆ ಬರುವುದು ಬೇಡ ಎಂದು ಅಧ್ಯಕ್ಷರು ಘೋಷಿಸಿದರು. ಅಲಮೇಲು ಕಿಟಕಿಯಾಚೆ ನೋಡುತ್ತ ತನ್ನ ಸೀರೆಯ ಸೆರಗಿನ ಅಂಚನ್ನು ಉಗುರಿನಿಂದ ಬಿಡಿಸಿ ನೋಡುತ್ತಿದ್ದಳು.

ಮರುದಿನವೇ ಅವಳು ಲಿಬರ್ ಅವರಿಗೆ ಕಾಗದ ಬರೆದಳು. ಇಂಗ್ಲಿಷ್ ತಿದ್ದಿಕೊಡುತ್ತೇನೆ ಎಂದೆ. "ಬೇಡ. ನೀನು ತಿದ್ದಿದ್ರೆ ಅದು ನಿನ್ನ ಕಾಗದ ಆಗತ್ತೆ" ಎಂದಳು. ದೇವರ ಮುಂದೆ, ಸತ್ತವರ ಮುಂದೆ ನಾವು ಶೂ ಹಾಕುವುದಿಲ್ಲ, ಅದಕ್ಕೇ ಬಿಟ್ಟೆವು, ನಿಮಗೆ ಆದ ನೋವು ತಿಳಿಯಿತು, ಕ್ಷಮಿಸಿ ಎಂದು ಬರೆದು, ಕೊನೆಯಲ್ಲಿ ಜಾಕೆಟ್ಟಿನ ವಿಷಯವನ್ನೂ ಸೇರಿಸಿದ್ದಳು. ಪ್ಯಾಚಿನ ಚಿತ್ರ ಬರೆದು ನಾಲ್ಕನೆಯ ಅಂಚಿಗೆ ಕೆಂಪು ದಾರದಿಂದ ನಿಜವಾದ ಹೊಲಿಗೆಯನ್ನೇ ಹಾಕಿ ಕಳಿಸಿದಳು.

ವಾರದ ನಂತರ ಲಿಬರ್ ಫೋನ್ ಮಾಡಿದರು. ಅವರ ತಂದೆಯೂ ಸೈನಿಕ. ನಲವತ್ತೈದರ ಏಪ್ರಿಲಿನಲ್ಲಿ ಅವರ ತುಕಡಿ ಹಿಟ್ಲರನ ಒಂದು ಶಿಬಿರದ ಗೇಟು ಮುರಿದು ಒಳಹೊಕ್ಕಿತ್ತು. ಮನೆಗೆ ಬಂದ ಮೇಲೆ ಆ ಮನುಷ್ಯ ಸಾಯುವವರೆಗೂ ಮನೆಯಲ್ಲಿ ಎರಡು ಜೊತೆ ಶೂ ಒಂದರ ಮೇಲೊಂದು ಬೀಳಲು ಬಿಡಲಿಲ್ಲವಂತೆ. ಮಕ್ಕಳೆಲ್ಲ ತಮ್ಮ ತಮ್ಮ ಶೂಗಳನ್ನು ಸಾಲಾಗಿ ಇಡಬೇಕು. "ನಿಮ್ಮ ತಪ್ಪಿಲ್ಲ. ನನಗೆ ನನ್ನ ತಂದೆ ಕಂಡರು, ಅಷ್ಟೆ" ಎಂದರು ಲಿಬರ್. ಜಾಕೆಟ್ಟಿನ ಮಾತು ಎತ್ತಲಿಲ್ಲ. ಅಲಮೇಲು ಎತ್ತಿದಳು. "ಇನ್ನೊಮ್ಮೆ ಬನ್ನಿ, ಒಟ್ಟಿಗೆ ನೋಡೋಣ" ಎಂದರು.

ಕೂಟದಲ್ಲಿ ಯಾರಿಗೂ ಮತ್ತೆ ಹೋಗುವ ಮನಸ್ಸಿರಲಿಲ್ಲ. ಅಲಮೇಲು ಮನೆಮನೆಗೆ ಫೋನ್ ಮಾಡಿದಳು. ಮೂವತ್ತು ವರ್ಷ ಅವಳ ಕೈಯಲ್ಲಿ ಬ್ಲೌಸು ಬಿಚ್ಚಿಸಿ ಹೊಲಿಸಿಕೊಂಡವರು ಅವಳಿಗೆ ಇಲ್ಲವೆನ್ನುವುದು ಹೇಗೆ? ಬರುವವರಿಗೆಲ್ಲ ಒಂದೇ ಕಟ್ಟಪ್ಪಣೆ: "ಚಪ್ಪಲಿ ಬೇಡ. ಶೂ ಹಾಕ್ಕೊಂಡು ಬನ್ನಿ. ಹಿಂದಿನ ದಿನ ಪಾಲಿಶ್ ಮಾಡಿರ್ಬೇಕು, ಮುಖ ಕಾಣ್ಬೇಕು. ಸೈನ್ಯದೋರ ಹತ್ರ ಮರ್ಯಾದೆ ಅಂದ್ರೆ ಅದು." ಎಪ್ಪತ್ತು ದಾಟಿದ ಹೆಂಗಸರು ಜರಿ ಸೀರೆಯ ಕೆಳಗೆ ಗಂಡಂದಿರ ಪಾಲಿಶ್ ಡಬ್ಬಿಯಿಂದ ಕಪ್ಪಾಗಿಸಿದ ಶೂ ತೊಟ್ಟು ಬಸ್ಸು ಹತ್ತಿದರು.

ಸೆಪ್ಟೆಂಬರಿನ ಆ ಭಾನುವಾರ ಲಿಬರ್ ಬಾಗಿಲಲ್ಲೇ ಕಾಯುತ್ತಿದ್ದರು. ಮೊದಲು ಕೆಳಗೆ ನೋಡಿದರು. ಇಪ್ಪತ್ತೆಂಟು ಜೊತೆ ಶೂ ಬೆಳಕಿಗೆ ಹೊಳೆಯುತ್ತಿದ್ದವು. ಅವರು ಕೋಲನ್ನು ಕಂಕುಳಲ್ಲಿ ಸಿಕ್ಕಿಸಿ, ಸಾರ್ಜೆಂಟನಂತೆ ಸಾಲಿನ ಉದ್ದಕ್ಕೂ ನಡೆದು ಒಬ್ಬೊಬ್ಬರ ಶೂ ಪರೀಕ್ಷಿಸಿದರು. ಡಾಕ್ಟರ್ ಸತ್ಯನಾರಾಯಣ ಅವರ ಮುಂದೆ ನಿಂತು ತಲೆಯಲ್ಲಾಡಿಸಿ, "ಎಡಗಾಲಿನ ಹಿಮ್ಮಡಿ ಬಿಟ್ಟುಹೋಗಿದೆ, ಡಾಕ್ಟರ್" ಎಂದರು. ಆಸ್ಪತ್ರೆಯನ್ನೇ ನಡುಗಿಸಿದ್ದ ಸರ್ಜನ್ನು ಬೈಸಿಕೊಂಡದ್ದು ಕಂಡು ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು. ಅವತ್ತು ಎರಡೂವರೆ ಗಂಟೆ ಸುತ್ತಾಡಿಸಿದರು.

ಜಾಕೆಟ್ಟಿನ ಪೆಟ್ಟಿಗೆಯ ಮುಂದೆ ಬಂದಾಗ ಅಲಮೇಲು ತನ್ನ ಅಂಗಡಿಯ ಭೂತಗನ್ನಡಿ ತೆಗೆದು ಲಿಬರ್ ಕೈಗಿತ್ತಳು. ಅವರು ನೋಡಿ, ತನಗೆ ಎಲ್ಲ ಹೊಲಿಗೆಯೂ ಒಂದೇ ಥರ ಕಾಣುತ್ತದೆ ಎಂದರು. ಹಿಂದಿನಿಂದ ಡಾಕ್ಟರ್ ಸತ್ಯನಾರಾಯಣ, "ಇಲ್ಲಿ ಕೊಡಿ, ನಾನೂ ನೋಡ್ತೀನಿ, ಏನಿದೆ ಅಂತ" ಎಂದು ಭೂತಗನ್ನಡಿ ಕಿತ್ತುಕೊಂಡರು. ಅವರು ಬಹಳ ಹೊತ್ತು ಬಗ್ಗಿಯೇ ಇದ್ದರು. ಎದ್ದಾಗ ದನಿ ಬದಲಾಗಿತ್ತು.

"ಅಲಮೇಲು ಅವರೇ, ಇದು ಒಂದೇ ಸಲ ಹಾಕಿದ ಹೊಲಿಗೆ ಅಲ್ಲ."

"ಅದನ್ನೇ ಅಲ್ವಾ ನಾನು ಮೇ ತಿಂಗಳಲ್ಲಿ ಹೇಳಿದ್ದು?"

"ಒಂದೇ ತೂತುಗಳಲ್ಲಿ ನಾಲ್ಕೈದು ಸಲ ದಾರ ಹೋಗಿದೆ. ನಲವತ್ತು ವರ್ಷ ನಾನೂ ಹೊಲಿದಿದ್ದೀನಲ್ಲ, ನಂಗೆ ಗೊತ್ತಾಗತ್ತೆ." ಲಿಬರ್ ಕಡೆ ತಿರುಗಿ ಇಂಗ್ಲಿಷಿನಲ್ಲಿ, "ಸರ್, ಈಕೆ ಹೇಳೋದು ಸರಿ. ನಾನು ಬೇಕಾದರೆ ಬರೆದುಕೊಡುತ್ತೇನೆ" ಎಂದರು.

ತೆರೆಯುವುದು ಮಾತ್ರ ಸುಲಭವಿರಲಿಲ್ಲ. ಜಾಕೆಟ್ಟು ಕೊಟ್ಟವರು ರಾಬರ್ಟ್ ಗ್ರೀನನ ತಂಗಿಯ ಮಗಳು, ಎಸ್ತರ್ ಕಾಪ್ಲನ್. ಎಂಬತ್ತರ ಮೇಲಿನ ವಯಸ್ಸು, ಅಟ್ಲಾಂಟಾದಲ್ಲಿ ವಾಸ. ಅವರ ಒಪ್ಪಿಗೆ ಇಲ್ಲದೆ ಒಂದು ದಾರವನ್ನೂ ಬಿಚ್ಚುವಂತಿಲ್ಲ. ಮ್ಯೂಸಿಯಂನವರು ಕೇಳಿದ್ದಕ್ಕೆ, ಮಾವನ ಬಟ್ಟೆಗೆ ಕತ್ತರಿ ಹಾಕಿಸಲು ಇಷ್ಟವಿಲ್ಲ ಎಂದು ಆಕೆ ಬರೆದರು. ಅಲ್ಲಿಗೆ ಮುಗಿಯಿತು ಎಂದುಕೊಂಡೆವು.

ಇಪ್ಪತ್ತಮೂರರ ಜನವರಿಯಲ್ಲಿ ಅಲಮೇಲುವಿಗೆ ಪ್ಯಾಂಕ್ರಿಯಾಸಿನ ಕ್ಯಾನ್ಸರ್ ಎಂದು ಗೊತ್ತಾಯಿತು. ಕೆರೊಲಿನಾದ ಷಾರ್ಲೆಟ್ಟಿನಲ್ಲಿ ಬ್ಯಾಂಕಿನ ಕೆಲಸದಲ್ಲಿದ್ದ ಸುರಭಿ ಅಪ್ಪ ಅಮ್ಮ ಇಬ್ಬರನ್ನೂ ತನ್ನ ಮನೆಗೆ ಕರೆದುಕೊಂಡು ಹೋದಳು. ಕೀಮೋ ಅಲ್ಲಿಯೇ. ನಾನು ದಿನವೂ ಫೋನ್ ಮಾಡುತ್ತಿದ್ದೆ. ಹೊಟ್ಟೆನೋವು, ವಾಂತಿಗಳ ಬಗ್ಗೆ ಕೇಳಿದರೆ ಎರಡು ಮಾತಿನಲ್ಲಿ ಮುಗಿಸಿ, "ಷಾರ್ಲೆಟ್ಟಿಂದ ಅಟ್ಲಾಂಟಾ ಬರೀ ನಾಲ್ಕು ಗಂಟೆ ಅಂತೆ ಕಣೇ" ಎನ್ನುತ್ತಿದ್ದಳು.

ಜೂನಿನಲ್ಲಿ ಎರಡು ಕೀಮೋಗಳ ನಡುವಿನ ಒಳ್ಳೆಯ ವಾರ ನೋಡಿಕೊಂಡು ಸುರಭಿ ಅವಳನ್ನು ಕರೆದುಕೊಂಡು ಹೊರಟಳು. ಅಂದಿನ ಸಂಗತಿಯನ್ನು ಸುರಭಿ ನನಗೆ ಆಮೇಲೆ ಎಷ್ಟೋ ಸಲ ಹೇಳಿದ್ದಾಳೆ. ದಾರಿಯುದ್ದಕ್ಕೂ ಅವಳು, "ಅಮ್ಮಾ, ಆರ್ ಯೂ ಶೂರ್? ಅವ್ರು ಆಲ್ರೆಡಿ ನೋ ಅಂದಿದ್ದಾರೆ" ಎಂದು ಕೇಳುತ್ತಲೇ ಇದ್ದಳಂತೆ. "ನೋ ಅಂದಿದ್ದು ಮ್ಯೂಸಿಯಂಗೆ. ನಂಗಿನ್ನೂ ಅಂದಿಲ್ಲ" ಎಂದಳಂತೆ ಅಲಮೇಲು.

ಎಸ್ತರ್ ಕಾಪ್ಲನ್ ಚಹಾ ಕೊಟ್ಟರು. ಆಮೇಲೆ ನೇರವಾಗಿ ಕೇಳಿದರು: "ನನ್ನ ಮಾವ ನಲವತ್ತೆಂಟು ವರ್ಷ ಆ ಜಾಕೆಟ್ಟನ್ನು ಬೀರುವಿನಲ್ಲಿ ಇಟ್ಟಿದ್ದರು. ಒಳಗೆ ಏನಾದರೂ ಇದ್ದರೆ ನಮಗೆ ಹೇಳುತ್ತಿರಲಿಲ್ಲವೇ? ನಿಮಗೆ ಹೇಗೆ ಗೊತ್ತು?"

ಅಲಮೇಲು ಚೀಲದಿಂದ ಉಣ್ಣೆ ಬಟ್ಟೆಯ ತುಂಡು, ಒಂದು ಹಳೆಯ ಪ್ಯಾಚ್ ತೆಗೆದಳು. ಮೂರು ಬದಿಗೆ ಮನೆಯಲ್ಲೇ ಮೆಷಿನ್ ಹೊಲಿಗೆ ಹಾಕಿ ತಂದಿದ್ದಳು. ಕೀಮೋದಿಂದ ಬೆರಳ ತುದಿಗಳು ಮರಗಟ್ಟಿದ್ದವು. ಸೂಜಿಗೆ ದಾರ ಪೋಣಿಸಲು ನಾಲ್ಕು ಸಲ ಆಗಲಿಲ್ಲ. ಸುರಭಿ ಕೈಚಾಚಿದರೆ, "ಬಿಡು" ಎಂದಳು. ಐದನೆಯ ಸಲ ದಾರ ಹೋಯಿತು. ಎಸ್ತರ್ ಅವರ ಟೀಪಾಯಿಯ ಮೇಲಿದ್ದ ಒಂದು ಕಾಗದದ ಚೂರನ್ನು ಮಡಿಸಿ ಪ್ಯಾಚಿನೊಳಗೆ ತೂರಿಸಿ, ನಾಲ್ಕನೆಯ ಅಂಚನ್ನು ಓರೆ ಹೊಲಿಗೆಯಿಂದ ಮುಚ್ಚಿದಳು. ಉಗುರಿನಿಂದ ಬಿಚ್ಚಿದಳು. ಮತ್ತೆ ಮುಚ್ಚಿದಳು. ಮತ್ತೆ ಬಿಚ್ಚಿ, ಸವೆದ ಅಂಚನ್ನು ಆಕೆಯ ಕೈಗೆ ಕೊಟ್ಟಳು. ಪಕ್ಕದಲ್ಲಿ ಜಾಕೆಟ್ಟಿನ ಫೋಟೋ ಇಟ್ಟಳು.

"ಕತ್ತರಿ ಬೇಡ, ಉಗುರು ಸಾಕು" ಎಂದಳು ತನ್ನ ಇಂಗ್ಲಿಷಿನಲ್ಲಿ. "ಹೇಳುವುದಕ್ಕೆ ಆಗದ್ದನ್ನೇ ಸೈನಿಕರು ಒಳಗೆ ಇಡುತ್ತಿದ್ದರು. ನಾನು ಹೊಲಿದಿದ್ದೇನೆ. ಏನೆಂದು ಕೇಳುತ್ತಿರಲಿಲ್ಲ."

ಎಸ್ತರ್ ಎದ್ದು ಹೋಗಿ ಪೆನ್ನು ತಂದರು.

ಅಲಮೇಲು ಕೊಲಂಬಿಯಾದ ಮನೆಗೆ ಮರಳಿದ ಮೇಲೆ, ನವೆಂಬರಿನಲ್ಲಿ ಪೆಟ್ಟಿಗೆ ತೆರೆದರು. ಹಳೆಯ ಬಟ್ಟೆಗಳನ್ನು ಸಂರಕ್ಷಿಸುವ ಪರಿಣತೆಯೊಬ್ಬಳು ಅದಕ್ಕಾಗಿಯೇ ಬಂದಿದ್ದಳು. ಗಾಲಿಕುರ್ಚಿಯಲ್ಲಿ ಅಲಮೇಲು, ಹಿಂದೆ ಶೇಷಾದ್ರಿ, ಪಕ್ಕದಲ್ಲಿ ಲಿಬರ್, ಡಾಕ್ಟರ್ ಸತ್ಯನಾರಾಯಣ, ನಾನು. ಎಸ್ತರ್ ಫೋನಿನ ವಿಡಿಯೋದಲ್ಲಿದ್ದರು. ಹೊಲಿಗೆ ಬಿಚ್ಚುವ ಮೊದಲು ಆ ಹುಡುಗಿ ಅಲಮೇಲುವನ್ನೇ ಕೇಳಿದಳು, ಯಾವ ತುದಿಯಿಂದ ಶುರುಮಾಡಲಿ ಎಂದು. "ಬಲಗಡೆಯಿಂದ. ಗಂಟು ಎಡಗಡೆ ಇದೆ" ಎಂದಳು ಅಲಮೇಲು. ಗಂಟು ಎಡಗಡೆಯೇ ಇತ್ತು.

ಏನೂ ಸಿಗದಿದ್ದರೆ ಏನು ಗತಿ ಎಂದು ನನಗೆ ಹೆದರಿಕೆ. ಶೇಷಾದ್ರಿ ಮೆಲ್ಲಗೆ, "ಅಲಮೇಲು, ಇಲ್ದಿದ್ರೂ ಪರವಾಗಿಲ್ಲ ಕಣೆ" ಎಂದರು. "ಸುಮ್ನಿರೀಂದ್ರೆ" ಎಂದಳು ಅವಳು, ಕಣ್ಣು ಕದಲಿಸದೆ.

ಚಿಮಟದ ತುದಿಗೆ ಒಂದು ಬಟ್ಟೆಯ ಪಟ್ಟಿ ಬಂತು. ಎರಡು ಬೆರಳು ಅಗಲ, ಹಳದಿಗಟ್ಟಿದ ಹತ್ತಿ. ಬಿಡಿಸಿದರೆ ನೀಲಿ ದಾರದಲ್ಲಿ ಕಸೂತಿ ಮಾಡಿದ ಹೀಬ್ರೂ ಅಕ್ಷರಗಳು. ಲಿಬರ್ ಬಗ್ಗಿ ಓದಿದರು. ಎರಡನೆಯ ಸಲ ಗಟ್ಟಿಯಾಗಿ ಓದಿದರು: "ರೂವೆನ್ ಬೆನ್ ಹಾಯಾ. ಹಾಯಾಳ ಮಗ ರೂವೆನ್."

ಅವರೇ ವಿವರಿಸಿದರು. ರಾಬರ್ಟ್ ಎನ್ನುವುದು ಸೈನ್ಯದ ಪಟ್ಟಿಯ ಹೆಸರು. ಮನೆಯ ಹೆಸರು ರೂವೆನ್ ಇರಬೇಕು. ಕಾಯಿಲೆ ಬಿದ್ದವರಿಗೆ, ಅಪಾಯದಲ್ಲಿರುವವರಿಗೆ ಪ್ರಾರ್ಥನೆ ಮಾಡುವಾಗ ಯಹೂದಿಗಳು ತಂದೆಯ ಹೆಸರಿನ ಬದಲು ತಾಯಿಯ ಹೆಸರು ಹೇಳುತ್ತಾರೆ. ಯುದ್ಧಕ್ಕೆ ಹೊರಟ ಮಗನಿಗಾಗಿ ತಾಯಿ ತನ್ನ ಕೈಯಿಂದ ಆ ಪ್ರಾರ್ಥನೆಯ ಹೆಸರನ್ನೇ ಹೊಲಿದು ಕೊಟ್ಟಿದ್ದಳು.

ಫೋನಿನಲ್ಲಿ ಎಸ್ತರ್ ಅಳುತ್ತ ನಗುತ್ತಿದ್ದರು. "ನಮಗೆಲ್ಲ ಅಜ್ಜಿ ಐಡಾ. ಹಾಯಾ ಅನ್ನುವ ಹೆಸರು ಇತ್ತೆಂದು ಇವತ್ತೇ ಗೊತ್ತಾದದ್ದು."

ಡಾಕ್ಟರ್ ಸತ್ಯನಾರಾಯಣ ಕನ್ನಡಕ ಒರೆಸಿಕೊಂಡರು. ಅಲಮೇಲು ಆ ಪಟ್ಟಿಯನ್ನೇ ನೋಡುತ್ತಿದ್ದಳು. ಕೊನೆಗೆ ಹೇಳಿದಳು: "ನೆಟ್ಟಗೆ ಕೂರಿಸಿದ್ದಾಳೆ, ನೋಡು. ಒಂದಕ್ಷರಾನೂ ಸೊಟ್ಟಗಿಲ್ಲ."

ಹೊಸ ಫಲಕ ಬರೆಯುವಾಗ ಮ್ಯೂಸಿಯಂನವರು ಅವಳನ್ನು ಏನೆಂದು ಕರೆಯಬೇಕೆಂದು ಕೇಳಿದರು. ಸಮುದಾಯದ ಮುಖಂಡೆ ಎನ್ನಲೇ, ಜವಳಿ ತಜ್ಞೆ ಎನ್ನಲೇ? ಕೂಟದಲ್ಲಿ ಅದಕ್ಕೊಂದು ದೊಡ್ಡ ಚರ್ಚೆಯಾಯಿತು. ಅಲಮೇಲು ಎಲ್ಲರ ಬಾಯಿ ಮುಚ್ಚಿಸಿದಳು: "ಟೈಲರ್ ಅಂತ ಬರೀರಿ. ನಾನು ಟೈಲರ್ರೇ." ಹಾಗೆಯೇ ಬರೆದರು. ಮೇರಿಲ್ಯಾಂಡಿನ ಟೈಲರ್ ಅಲಮೇಲು ಶೇಷಾದ್ರಿ ಈ ಹೊಲಿಗೆಯನ್ನು ಗುರುತಿಸಿದರು ಎಂದು ಫಲಕದ ಕೊನೆಯ ಸಾಲು.

ಸುದ್ದಿ ಕೆರೊಲಿನಾದ ಕನ್ನಡದವರವರೆಗೂ ಹೋಯಿತು. ಇಪ್ಪತ್ತನಾಲ್ಕರ ಮೇ ತಿಂಗಳಲ್ಲಿ ಮಾರಿಸ್‌ವಿಲ್ಲಿನಿಂದ ಒಂದು ವ್ಯಾನು, ಷಾರ್ಲೆಟ್ಟಿನಿಂದ ಸುರಭಿಯ ಸ್ನೇಹಿತರ ಐದು ಕಾರು, ಕೊಲಂಬಿಯಾದ ನಮ್ಮ ಬಸ್ಸು, ಎಲ್ಲ ಸೇರಿ ಎಪ್ಪತ್ತೊಂದು ಜನ. ಜಾಗ ಚಿಕ್ಕದು, ಆದ್ದರಿಂದ ಮೂರು ತಂಡ ಮಾಡಿದರು. ಅಲಮೇಲು ನಲವತ್ತು ಕಿಲೋಗೆ ಇಳಿದಿದ್ದಳು. ಮೈಸೂರು ರೇಷ್ಮೆ ಉಟ್ಟು, ಕೆಳಗೆ ಶೂ ತೊಟ್ಟು ಬಂದಳು. ಲಿಬರ್ ತಾವು ನಿಲ್ಲುವ ಜಾಗವನ್ನು ಬಿಟ್ಟುಕೊಟ್ಟು, "ಇವತ್ತು ಇವರು ಹೇಳುತ್ತಾರೆ, ನಾನು ಕೇಳುತ್ತೇನೆ" ಎಂದರು. ಡಾಕ್ಟರ್ ಸತ್ಯನಾರಾಯಣ ಸ್ಟೂಲು ಹೊತ್ತು ತಂದು ಹಾಕಿದರು. "ಹಿಮ್ಮಡಿ ಪಾಲಿಶ್ ಆಗಿದ್ಯಾ ಡಾಕ್ಟ್ರೇ?" ಎಂದು ಅವಳು ಕೇಳಿದಳು. "ಎರಡು ಕೋಟ್ ಹಾಕಿದ್ದೀನಿ ತಾಯಿ" ಎಂದರು.

ಗೋಡೆ ಬದಿಯ ಕುರ್ಚಿಯವಳು ಎಲ್ಲರ ನಡುವೆ ಕೂತು ಅಚ್ಚ ಮೈಸೂರಿನ ಕನ್ನಡದಲ್ಲಿ ಮಾತಾಡಿದಳು. ಮಾರಿಸ್‌ವಿಲ್ಲಿನ ಸಾಫ್ಟ್‌ವೇರ್ ಎಂಜಿನಿಯರ್ ಬಸವಕುಮಾರ್ ಎಂಬ ಯುವಕ, "ಆಂಟಿ, ಎಲ್ಲಾ ಓಕೆ, ಆದ್ರೆ ನಮ್ಗೂ ಇವ್ರಿಗೂ ಏನ್ ಕನೆಕ್ಷನ್?" ಎಂದು ಕೇಳಿದ.

"ಆ ತಾಯಿ ಮಗನ ಹೆಸರು ಹೊಲಿದ್ಲು. ನಾನು ಇಪ್ಪತ್ತನಾಲ್ಕು ವರ್ಷ ಬೇರೆಯವರ ಮಕ್ಕಳ ಹೆಸರು ಹೊಲಿದೆ. ಇನ್ನೇನಪ್ಪಾ ಕನೆಕ್ಷನ್ ಬೇಕು ನಿಂಗೆ?" ಎಂದಳು. ಅವನು ನಾಚಿ ನಕ್ಕ. ಆಮೇಲೆ ಭೂತಗನ್ನಡಿ ಇಸಿದುಕೊಂಡು ಎಲ್ಲರಿಗಿಂತ ಹೆಚ್ಚು ಹೊತ್ತು ನೋಡಿದವನೂ ಅವನೇ.

ಮೂರನೆಯ ತಂಡದ ಹೊತ್ತಿಗೆ ಅವಳ ಗಂಟಲು ಕಟ್ಟಿತ್ತು. ಸಾಕು ಮಾಡು ಎಂದು ಸುರಭಿ ಕಣ್ಣಲ್ಲೇ ಬೇಡಿದಳು. ಅಲಮೇಲು ನೀರು ಕುಡಿದು, ಗಾಜಿನ ಮೇಲೆ ಬೆರಳಿಟ್ಟು ಪ್ಯಾಚಿನ ಸುತ್ತ ಎಳೆಯುತ್ತ ಮತ್ತೆ ಶುರುಮಾಡಿದಳು. "ನೋಡಿ, ಇಲ್ಲಿ ಮೂರು ಕಡೆ…" ಎನ್ನುವಷ್ಟರಲ್ಲಿ ದನಿ ನಿಂತುಹೋಯಿತು.

ಆಗ ಗೋಡೆ ಬದಿಯಿಂದ, ಬೆಳಗಿನಿಂದ ಎರಡು ಸಲ ಕೇಳಿ ಕಲಿತಿದ್ದ ಮುದಿ ಅಮೆರಿಕನ್ ದನಿಯೊಂದು ತಡವರಿಸದೆ ಕನ್ನಡದಲ್ಲಿ ಹೇಳಿತು: "ಮೂರು ಕಡೆ ಮೆಷಿನ್, ಒಂದು ಕಡೆ ಕೈ."

ಲಿಬರ್! ಇಡೀ ತಂಡ ಚಪ್ಪಾಳೆ ಹೊಡೆದು ಕೂಗಿತು. ಅಲಮೇಲು ಸ್ಟೂಲಿನ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತು, ಅವರ ಕಡೆ ಬೆರಳು ತೋರಿಸಿ, ಇನ್ನೊಮ್ಮೆ ಹೇಳಿ ಎಂದು ಸನ್ನೆ ಮಾಡಿದಳು.